ಮುಂಗುಸಿಯನ್ನು ನಾನೂ ಕೊಂದೆ: ಮಗಳಿಗೆ ಕಲಿಸಲು ಹೋಗಿ ನಾನು ಕಲಿತ ಸಾಹಿತ್ಯ ವಿಶ್ಲೇಷಣೆ

ಮಗಳಿಗೆ ಹನ್ನೊಂದು ತುಂಬಿದ ವರ್ಷ ಇಬ್ಬರೂ ಕೂತು ಒಂದು ಸಣ್ಣಕಥೆ ಓದಿ ಮುಗಿಸಿದೆವು. ಓದಿದ ಮೇಲೆ ಏನಾದರೂ ಕೇಳಬೇಕಲ್ಲ, ಕೇಳಿದೆ: “ಈ ಕಥೆಯಿಂದ ನಿಂಗೇನು ತಿಳೀತು?”

“ಸುಳ್ಳು ಹೇಳಬಾರದು” ಅಂದಳು, ಒಂದು ಕ್ಷಣವೂ ಯೋಚಿಸದೆ.

ಆ ಕಥೆಯಲ್ಲಿ ಸುಳ್ಳಿನ ಪ್ರಸ್ತಾಪವೇ ಇರಲಿಲ್ಲ. ಅಮ್ಮನಿಗೆ ಎಂಥ ಉತ್ತರ ಬೇಕು ಎಂದು ಲೆಕ್ಕ ಹಾಕಿ, ಯಾವ ಕಥೆಗಾದರೂ ಹೊಂದುವ ಒಂದು ಉತ್ತರವನ್ನು ಅವಳು ಮೊದಲೇ ಇಟ್ಟುಕೊಂಡಿದ್ದಳು. ನಾನು ನಕ್ಕೆ. ಅವಳಿಗೆ ಸಿಟ್ಟು ಬಂತು. “ಹಂಗಾದ್ರೆ ನೀನೇ ಹೇಳು” ಅಂದಳು. ಬಾಯಿ ತೆರೆದೆ. ಕಥೆಯ ಸಾರಾಂಶ ಬಂತು, ಅದರ ಮುಂದಕ್ಕೆ ಏನೂ ಬರಲಿಲ್ಲ.

ನಾನು ಓದಿದ್ದು ವಾಣಿಜ್ಯ. ಹೋಂಸ್ಕೂಲಿಂಗ್ ಶುರು ಮಾಡುವಾಗ ಗಣಿತಕ್ಕೆ ಹೆದರಿದ್ದೆ, ವಿಜ್ಞಾನಕ್ಕೆ ಹೆದರಿದ್ದೆ, ಸಾಹಿತ್ಯಕ್ಕೆ ಹೆದರಿರಲಿಲ್ಲ. ಕಥೆ ಕಾದಂಬರಿ ಓದುವ ಚಟ ಇದೆ, ಭಾಷೆ ನಮ್ಮದೇ, ಇನ್ನೇನು ಬೇಕು? ಆದದ್ದು ತಿರುಗುಮುರುಗು. ಗಣಿತದಲ್ಲಿ ಮಗುವಿಗಿಂತ ಒಂದು ಪಾಠ ಮುಂದಿದ್ದರೆ ಹೇಗೋ ನಡೆಯುತ್ತದೆ; ತಪ್ಪಾದರೆ ಪುಸ್ತಕದ ಕೊನೆಯ ಪುಟದಲ್ಲಿರುವ ಉತ್ತರ ಹೇಳಿಬಿಡುತ್ತದೆ. ಸಾಹಿತ್ಯಕ್ಕೆ ಆ ಕೊನೆಯ ಪುಟ ಇಲ್ಲ. ಕಥೆಯನ್ನು ಇಷ್ಟಪಡುವುದು ಬೇರೆ, ಅದು ನನಗೆ ಏನು ಮಾಡಿತು, ಹೇಗೆ ಮಾಡಿತು ಎಂದು ಹೇಳುವುದು ಬೇರೆ. ಎರಡನೆಯದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕಲಿಸಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ’ ಅಂತ ಬರುತ್ತಿತ್ತು, ನೆನಪಿದೆಯಲ್ಲ? ‘ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ’ ಎಂದು ಶುರು ಮಾಡಿ, ಯಾರು ಯಾರಿಗೆ ಹೇಳಿದ್ದು ಎಂದು ಬರೆದು, ಸ್ವಾರಸ್ಯದ ಜಾಗದಲ್ಲಿ ‘ಇಲ್ಲಿ ಕವಿಯ ಭಾವನೆ ಮನೋಜ್ಞವಾಗಿ ಮೂಡಿಬಂದಿದೆ’ ಎಂದು ಮುಗಿಸಿದರೆ ಅಂಕ ಗ್ಯಾರಂಟಿ. ಮನೋಜ್ಞ ಎಂದರೇನು, ಯಾವ ಪದದಲ್ಲಿ ಮೂಡಿತು ಎಂದು ಯಾರೂ ಕೇಳಲಿಲ್ಲ. ಈಗ ಅನಿಸುತ್ತದೆ, ಅದು ತುಂಬ ಒಳ್ಳೆಯ ಪ್ರಶ್ನೆ. ಸ್ವಾರಸ್ಯ ಎಂದರೆ ಸ್ವಂತ ರಸ. ಈ ಸಾಲಿಗೇ ಸೇರಿದ್ದು, ಇದನ್ನು ಬೇರೆ ಥರ ಬರೆದರೆ ಸೋರಿಹೋಗುವಂಥದ್ದು. ಪ್ರಶ್ನೆ ಸರಿಯಾಗಿತ್ತು, ಉತ್ತರಕ್ಕೆ ನಾವು ಅಚ್ಚು ಮಾಡಿಟ್ಟುಕೊಂಡಿದ್ದೆವು. ನನ್ನ ಮಗಳ ‘ಸುಳ್ಳು ಹೇಳಬಾರದು’ ನನ್ನದೇ ಅಚ್ಚಿನಿಂದ ಬಂದದ್ದು.

ಮೊದಲ ಆರು ತಿಂಗಳು ಎರಡು ದೊಡ್ಡ ತಪ್ಪು ಮಾಡಿದೆ.

ಒಂದು, ಪರಿಭಾಷೆಯ ಕಾರ್ಡುಗಳು. ಉಪಮೆ, ರೂಪಕ, ಉತ್ಪ್ರೇಕ್ಷೆ, ಶ್ಲೇಷೆ, ಪ್ರತಿಮೆ, ನಿರೂಪಕ, ದೃಷ್ಟಿಕೋನ ಅಂತ ನಲವತ್ತು ಕಾರ್ಡು ಬರೆದೆ. ಅವಳು ಎರಡು ವಾರದಲ್ಲಿ ಎಲ್ಲ ಕಲಿತು ಮುಗಿಸಿದಳು. ನಾನು ಬೀಗಿದೆ. ಆಮೇಲೆ ಒಂದು ಪದ್ಯ ಕೊಟ್ಟೆ. “ಇಲ್ಲಿ ಉಪಮಾಲಂಕಾರ ಇದೆ” ಅಂದಳು. “ಹೌದು, ಇದ್ರೆ?” ಅಂದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹಕ್ಕಿಯ ಹೆಸರು ಗೊತ್ತಾದ ಮಾತ್ರಕ್ಕೆ ಅದು ಯಾಕೆ ಹಾಡುತ್ತಿದೆ ಎಂದು ಗೊತ್ತಾಗುವುದಿಲ್ಲವಲ್ಲ. ಕಾರ್ಡುಗಳನ್ನು ಎಸೆಯಲಿಲ್ಲ, ಈಗಲೂ ಅವು ಬೇಕಾಗುತ್ತವೆ. ಆದರೆ ಮೊದಲು ವಿಷಯ ಕಣ್ಣಿಗೆ ಬೀಳಬೇಕು, ಹೆಸರು ಆಮೇಲೆ ಬರಬೇಕು.

ಎರಡು, ಸಂಕೇತದ ಬೇಟೆ. ಎಲ್ಲೋ ಓದಿದ್ದ ಅರ್ಧಂಬರ್ಧ ತಿಳಿವಳಿಕೆಯಲ್ಲಿ ಹಕ್ಕಿ ಬಂದರೆ ಸ್ವಾತಂತ್ರ್ಯ, ಸಂಜೆಯಾದರೆ ಸಾವು, ನದಿ ಕಂಡರೆ ಕಾಲ ಎನ್ನುತ್ತಿದ್ದೆ. ಒಂದು ಕಥೆಯಲ್ಲಿ ಹುಡುಗನೊಬ್ಬ ಕಿಟಕಿಯಲ್ಲಿ ಕಾಗೆ ನೋಡುತ್ತಾನೆ. ಅದರ ಬಗ್ಗೆ ನಾನು ಹತ್ತು ನಿಮಿಷ ಮಾತಾಡಿದೆ. ಮುಗಿದ ಮೇಲೆ ಮಗಳು ಮೆತ್ತಗೆ, “ಅಮ್ಮಾ, ಅದು ಬರೀ ಕಾಗೆ ಇರಬಹುದಲ್ವಾ?” ಅಂದಳು. ಅವಳು ಹೇಳಿದ್ದೇ ಸರಿ. ಕಾಗೆ ಒಂದೇ ಸಲ ಬಂದು ಹೋಗುತ್ತದೆ, ಹುಡುಗ ಆಮೇಲೆ ಅದನ್ನು ನೆನೆಯುವುದೂ ಇಲ್ಲ. ಅವತ್ತಿನಿಂದ ಒಂದು ವಸ್ತುವನ್ನು ಸಂಕೇತ ಎನ್ನಬೇಕಾದರೆ ನಮ್ಮಿಬ್ಬರಿಗೆ ಮೂರರಲ್ಲಿ ಒಂದಾದರೂ ಸಾಕ್ಷಿ ಬೇಕು: ಅದು ಮತ್ತೆ ಮತ್ತೆ ಬರಬೇಕು, ಇಲ್ಲವೇ ಕಥೆ ನಡೆಯಲು ಬೇಕಾದ್ದಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡಿರಬೇಕು, ಇಲ್ಲವೇ ಕಥೆಯ ಒಳಗಿನವರೇ ಯಾರೋ ಅದನ್ನು ಇನ್ನೊಂದಕ್ಕೆ ಜೋಡಿಸಿರಬೇಕು. ಇಲ್ಲದಿದ್ದರೆ ಕಾಗೆ ಕಾಗೆಯೇ.

ದಾರಿ ಸಿಕ್ಕಿದ್ದು ಯಾವ ಪುಸ್ತಕದಿಂದಲೂ ಅಲ್ಲ, ಒಂದು ಬಾಗಿಲಿನಿಂದ. ಅವಳೇ ಬರೆಯುತ್ತಿದ್ದ ಕಥೆಯೊಂದರಲ್ಲಿ ‘ಅವನು ಬಾಗಿಲು ಹಾಕಿದ’ ಎಂದಿತ್ತು. ಅದನ್ನು ಹೊಡೆದು ‘ಬಾಗಿಲು ಹಾಕಿಕೊಂಡ’ ಎಂದು ಮಾಡಿದ್ದಳು. ಯಾಕೆ ಬದಲಿಸಿದೆ ಎಂದು ಕೇಳಿದೆ. “ಹಾಕಿದ ಅಂದ್ರೆ ಬರೀ ಬಾಗಿಲು. ಹಾಕಿಕೊಂಡ ಅಂದ್ರೆ ಅವನು ಒಳಗಿದಾನೆ, ಯಾರೂ ಬರೋದು ಬೇಡ.” ಸರಿ, ಹಾಕಿಬಿಟ್ಟ ಅಂದರೆ? “ಹೊರಗೆ ಯಾರೋ ನಿಂತಿದಾರೆ, ಅವರಿಗೆ ಬೇಜಾರಾಗುತ್ತೆ.” ಬಾಗಿಲು ಹಾಕಿತ್ತು ಅಂದರೆ? “ಅವನು ಕಾಣಿಸ್ತಾನೇ ಇಲ್ಲ. ಈಗ ನಾವು ಹೊರಗೆ ನಿಂತಿದೀವಿ.”

ಅಲ್ಲಿಗೆ ನನ್ನ ತಲೆಯೊಳಗೆ ದೀಪ ಹತ್ತಿತು. ಕೊಳ್ಳು, ಬಿಡು, ಹೋಗು ಎಂಬ ಸಹಾಯಕ ಕ್ರಿಯಾಪದಗಳ ಬಗ್ಗೆ ಅವಳಿಗೆ ನಾನು ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಕಿವಿಗೆ ಗೊತ್ತಿತ್ತು. ಒಂದು ಪದ ಬದಲಿಸಿದರೆ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದೇ ಬದಲಾಗುತ್ತದೆ ಎಂದು ಅವಳು ನಾಲ್ಕು ವಾಕ್ಯದಲ್ಲಿ ಹೇಳಿಬಿಟ್ಟಿದ್ದಳು. ವಿಶ್ಲೇಷಣೆ ಎಂದರೆ ಇದೇ ತಾನೇ? ‘ಇದರ ಅರ್ಥವೇನು?’ ಎಂದು ಕೇಳಿದರೆ ಮಗು ನೀತಿ ಹುಡುಕುತ್ತದೆ. ‘ಇದನ್ನು ಬದಲಿಸಿದರೆ ಏನು ಹೋಗುತ್ತದೆ?’ ಎಂದು ಕೇಳಿದರೆ ಸಾಲಿನ ಕಡೆಗೇ ನೋಡುತ್ತದೆ. ಆಮೇಲಿನ ಮೂರು ವರ್ಷ ನಾವು ಮಾಡಿದ್ದು ಹೆಚ್ಚುಕಡಿಮೆ ಈ ಒಂದೇ ಕೆಲಸ. ಪದ ಬದಲಿಸಿದೆವು, ಕ್ರಮ ಬದಲಿಸಿದೆವು, ಹೇಳುವವರನ್ನು ಬದಲಿಸಿದೆವು.

ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲ ಇದೆ, ನಾನು ಬಹಳ ತಡವಾಗಿ ಗಮನಿಸಿದೆ. ನಮ್ಮ ಕ್ರಿಯಾಪದವೇ ಗೌರವ ಹೊತ್ತು ತಿರುಗುತ್ತದೆ. ಬಂದ, ಬಂದರು. ಕಥೆಯ ನಿರೂಪಕ ಮನೆಯೊಡೆಯನನ್ನು ‘ಬಂದರು’ ಎಂದೂ ಕೆಲಸದವನನ್ನು ‘ಬಂದ’ ಎಂದೂ ಬರೆದರೆ, ನಿರೂಪಕ ಯಾರ ಪಕ್ಕ ಕೂತಿದ್ದಾನೆ ಎಂದು ಅಲ್ಲೇ ಗೊತ್ತಾಗುತ್ತದೆ, ಅವನು ಬಾಯಲ್ಲಿ ಎಷ್ಟೇ ಸಮಾನತೆ ಮಾತಾಡಲಿ. ಗಂಡ ಹೆಂಡತಿ ಜಗಳದ ಮಧ್ಯೆ ‘ನೀನು’ ಹೋಗಿ ‘ನೀವು’ ಬಂದರೆ ಅದು ಮರ್ಯಾದೆ ಜಾಸ್ತಿಯಾದದ್ದಲ್ಲ, ದೂರ ಜಾಸ್ತಿಯಾದದ್ದು. ನಾವು ಒಂದು ವಾರ ಬೇರೆ ಏನೂ ಮಾಡಲಿಲ್ಲ. ಕಪಾಟಿನಲ್ಲಿದ್ದ ಕಥೆಗಳನ್ನೆಲ್ಲ ತೆಗೆದು ಏಕವಚನ ಬಹುವಚನಗಳಿಗೆ ಎರಡು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದೆವು, ಅಷ್ಟೇ. ಎಂಟು ವರ್ಷದ ಮಗನೂ ಬಂದು ಕೂತ. ಅವನಿಗೆ ಬಣ್ಣ ಹಚ್ಚುವ ಕೆಲಸ ಇಷ್ಟವಾಯಿತು, ಕಥೆ ಅಲ್ಲ.

ಆಮೇಲೆ ಧೈರ್ಯ ಮಾಡಿ ಕವಿತೆಗೆ ಬಂದೆವು. 12ನೇ ಶತಮಾನದ ಬಸವಣ್ಣನವರ ‘ಉಳ್ಳವರು ಶಿವಾಲಯ ಮಾಡುವರು’ ವಚನ ಅವಳಿಗೆ ಬಾಯಿಪಾಠ ಬರುತ್ತಿತ್ತು. ಬಾಯಿಪಾಠ ಬರುವುದೇ ಕಷ್ಟ. ನಾಲಿಗೆ ಓಡುತ್ತದೆ, ಕಣ್ಣು ನಿಲ್ಲುವುದಿಲ್ಲ. ಹಾಗಾಗಿ ಒಂದೊಂದೇ ಪದ ಬದಲಿಸಿದೆವು. ಶಿವಾಲಯವನ್ನು ಕಟ್ಟುವುದಲ್ಲವೇ, ‘ಮಾಡುವರು’ ಯಾಕೆ? ‘ಕಟ್ಟುವರು’ ಎಂದು ಹಾಕಿ ಓದಿದೆವು. ಮುಂದಿನ ಮಾತು ‘ನಾನೇನ ಮಾಡಲಿ’ ಸಡಿಲವಾಗಿ ನೇತಾಡಿತು. ‘ಮಾಡುವರು’ ಇದ್ದಾಗ ಮಾತ್ರ ಆ ‘ಮಾಡಲಿ’ಗೆ ಎರಡು ಅರ್ಥ ಬರುತ್ತದೆ: ಬಡವ, ನನ್ನ ಕೈಲಿ ಏನಾಗುತ್ತದೆ ಎಂಬ ಅಸಹಾಯಕತೆ, ಹಾಗಾದರೆ ನಾನು ಯಾವುದನ್ನು ಮಾಡಲಿ ಎಂಬ ನಿಜವಾದ ಪ್ರಶ್ನೆ. ಮುಂದಿನ ಸಾಲು ಎರಡನೆಯದಕ್ಕೆ ಉತ್ತರ ಕೊಡುತ್ತದೆ.

‘ಎನ್ನ ಕಾಲೇ ಕಂಬ, ದೇಹವೇ ದೇಗುಲ.’ ಇದನ್ನು ‘ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ’ ಎಂದು ಬದಲಿಸಿದೆವು. ಕಾರ್ಡಿನಲ್ಲಿ ರೂಪಕವನ್ನು ಉಪಮೆ ಮಾಡಿದ್ದು ಅಷ್ಟೇ. ಆದರೆ ವಚನವೇ ಬಿದ್ದುಹೋಯಿತು. ಯಾಕೆ? ಇಬ್ಬರೂ ಒಂದು ಗಂಟೆ ಒದ್ದಾಡಿದೆವು. ‘ದೇಗುಲದಂತೆ’ ಎಂದರೆ ದೇಗುಲವೇ ಅಳತೆಗೋಲು ಆಗಿಬಿಡುತ್ತದೆ, ದೇಹ ಅದನ್ನು ಮುಟ್ಟಲು ನೋಡುತ್ತಿರುತ್ತದೆ. ಉಳ್ಳವರ ಕಟ್ಟಡವೇ ದೊಡ್ಡದು ಎಂದು ಒಪ್ಪಿಕೊಂಡ ಹಾಗೆ. ‘ದೇಹವೇ’ ಎಂಬ ಅವಧಾರಣೆಯ ಏಕಾರ ಆ ಅಳತೆಗೋಲನ್ನೇ ಕಿತ್ತುಕೊಳ್ಳುತ್ತದೆ. ಆಗ ಮಗಳು ಇನ್ನೊಂದು ಹೇಳಿದಳು, ನನಗೆ ಹೊಳೆದೇ ಇರಲಿಲ್ಲ: “ಈ ಸಾಲಲ್ಲಿ ಕ್ರಿಯಾಪದಾನೇ ಇಲ್ಲ. ಅವರು ಮಾಡ್ತಾರೆ. ಇವರು ಮಾಡೋದೇ ಬೇಡ, ಇದಾರೆ.”

ಮಾಡುವುದಕ್ಕೂ ಇರುವುದಕ್ಕೂ ನಡುವಿನ ಈ ವ್ಯತ್ಯಾಸವನ್ನು ಎ.ಕೆ. ರಾಮಾನುಜನ್ 1973ರಲ್ಲಿ ಬಂದ ತಮ್ಮ ವಚನಾನುವಾದದ ಪ್ರಸ್ತಾವನೆಯಲ್ಲೇ ಬಿಡಿಸಿಟ್ಟಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಅವಳ ಮುಖ ಸಣ್ಣದಾಗಬಹುದು ಎಂದುಕೊಂಡು ಹೇಳಿದೆ. “ಅವರಿಗೂ ಕಾಣ್ತಾ?” ಅಂತ ಕುಣಿದಳು.

ಆ ಹೊತ್ತಿಗೆ ನಾನು ಬೇರೆಯಾಗಿ ಓದತೊಡಗಿದ್ದೆ, ರಾತ್ರಿ, ಮಕ್ಕಳು ಮಲಗಿದ ಮೇಲೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಮೊದಲ ಓದಿಗೆ ಜಗ್ಗಲಿಲ್ಲ. ಮೂರನೇ ಸಲ ಧ್ವನಿಯ, ಅಂದರೆ ಮಾತು ನೇರವಾಗಿ ಹೇಳದೆ ಹೊಳೆಯಿಸುವ ಅರ್ಥದ, ಅಧ್ಯಾಯಕ್ಕೆ ಬಂದಾಗ, ನಾವು ಅಡ್ಡಾದಿಡ್ಡಿಯಾಗಿ ಮಾಡುತ್ತಿದ್ದದ್ದಕ್ಕೆ ಸಾವಿರ ವರ್ಷ ಹಿಂದೆಯೇ ದಾರಿ ಹಾಕಿದ್ದಾರೆ ಎನಿಸಿತು. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನ್ಯಾಲೋಕದಲ್ಲಿ ಒಂದು ಪ್ರಾಕೃತ ಗಾಥೆಯನ್ನು ಉದಾಹರಣೆ ಕೊಡುತ್ತಾನೆ. ಹೆಣ್ಣೊಬ್ಬಳು ಒಬ್ಬ ಧಾರ್ಮಿಕನಿಗೆ ಹೇಳುತ್ತಾಳೆ: ನೀನಿನ್ನು ನಿಶ್ಚಿಂತೆಯಿಂದ ಅಡ್ಡಾಡಬಹುದು, ನೀನು ಹೆದರುತ್ತಿದ್ದ ಆ ನಾಯಿಯನ್ನು ಗೋದಾವರಿ ದಡದ ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು. ಇದನ್ನು ಮಗಳಿಗೆ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕಳು. ಮಾತು ‘ಬಾ’ ಎನ್ನುತ್ತದೆ, ಧ್ವನಿ ‘ಬರಬೇಡ’ ಎನ್ನುತ್ತದೆ. ಶಾಸ್ತ್ರದ ಮಾತಿನಲ್ಲಿ ವಾಚ್ಯ (ನೇರ ಅರ್ಥ) ವಿಧಿ, ವ್ಯಂಗ್ಯ (ಸೂಚಿತ ಅರ್ಥ) ನಿಷೇಧ. ಅವಳೇ ಮುಂದುವರಿಸಿದಳು: “ನೀನೂ ಹೇಳ್ತೀಯಲ್ಲ, ‘ಹೋಗು, ಆಟ ಆಡ್ಕೋ, ನಾನೊಬ್ಬಳೇ ಎಲ್ಲ ಎತ್ತಿಡ್ತೀನಿ’ ಅಂತ.” ಧ್ವನಿಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಶಾಸ್ತ್ರದಲ್ಲಿ ಪದೇಪದೇ ಬರುವ ‘ಗಂಗೆಯ ಮೇಲೆ ಹಳ್ಳಿ’ ಎಂಬ ಉದಾಹರಣೆಯೂ ಉಪಯೋಗಕ್ಕೆ ಬಂತು. ನೀರಿನ ಮೇಲೆ ಹಳ್ಳಿ ಇರಲಾರದು, ಅಂದರೆ ದಡದ ಮೇಲೆ ಎಂದು ಅರ್ಥ, ಅದು ಲಕ್ಷಣೆ. ಹಾಗಾದರೆ ‘ದಡದ ಮೇಲೆ’ ಎಂದೇ ಯಾಕೆ ಹೇಳಲಿಲ್ಲ? ಗಂಗೆಯ ತಂಪು, ಪಾವನತೆ ಹಳ್ಳಿಗೆ ತಾಗಲಿ ಎಂದು, ಅದು ವ್ಯಂಜನೆ. ‘ಹಾಗೆಯೇ ಯಾಕೆ ಹೇಳಲಿಲ್ಲ?’ ಎಂಬ ಈ ಎರಡನೇ ಪ್ರಶ್ನೆಯನ್ನು ನಾನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅಲಂಕಾರ ಗುರುತಿಸಿ ನಿಂತುಬಿಡುವ ರೋಗಕ್ಕೆ ಅದೇ ಮದ್ದು.

ಇನ್ನು ಮುಂಗುಸಿ. ಪಂಚತಂತ್ರದ ಐದನೆಯ ತಂತ್ರ ಅಪರೀಕ್ಷಿತಕಾರಕದಲ್ಲಿ ಬರುವ ಕಥೆ, ಎಲ್ಲರಿಗೂ ಗೊತ್ತು. ತೊಟ್ಟಿಲಲ್ಲಿ ಮಗು, ಕಾಯಲು ಮುಂಗುಸಿ, ಹಾವು ಬರುತ್ತದೆ, ಮುಂಗುಸಿ ಕೊಲ್ಲುತ್ತದೆ, ರಕ್ತದ ಬಾಯಲ್ಲಿ ತಾಯಿಯ ಎದುರಿಗೆ ಓಡಿ ಬರುತ್ತದೆ, ತಾಯಿ ನೀರಿನ ಕೊಡವನ್ನು ಅದರ ಮೇಲೆ ಹಾಕಿ ಕೊಲ್ಲುತ್ತಾಳೆ. ಇದಕ್ಕೆ ನೀತಿ ಹುಡುಕುವ ಕೆಲಸವೇ ಇಲ್ಲ, ತಂತ್ರದ ಹೆಸರಿನಲ್ಲೇ ಇದೆ: ಪರೀಕ್ಷಿಸದೆ ಮಾಡುವುದು. ಹಾಗಾಗಿ ನೀತಿಯನ್ನು ಪಕ್ಕಕ್ಕಿಟ್ಟು ಕ್ರಮವನ್ನು ಹಿಡಿದೆವು. ಘಟನೆಗಳು ನಡೆದ ಕ್ರಮ ಒಂದು, ಹೇಳುವ ಕ್ರಮ ಇನ್ನೊಂದು. ರಷ್ಯಾದ ರೂಪನಿಷ್ಠ ವಿಮರ್ಶಕರು ಸುಮಾರು ನೂರು ವರ್ಷದ ಹಿಂದೆ ಇವೆರಡಕ್ಕೆ ಬೇರೆ ಬೇರೆ ಹೆಸರನ್ನೇ ಇಟ್ಟರು. ಮಗಳಿಗೆ ಹೇಳಿದೆ: ಹಾವಿನ ಭಾಗ ತೆಗೆದುಹಾಕು. ತಾಯಿ ನೀರಿಗೆ ಹೋದಳು, ಮನೆಗೆ ಬಂದಳು, ಬಾಗಿಲಲ್ಲಿ ರಕ್ತದ ಬಾಯಿಯ ಮುಂಗುಸಿ, ಕೊಡ ಬಿತ್ತು, ಒಳಗೆ ಹೋದಳು, ತೊಟ್ಟಿಲ ಪಕ್ಕ ಹಾವಿನ ತುಂಡು. ಹೀಗೆ ಬರಿ.

ಬರೆದಳು. ಎರಡನ್ನೂ ತಮ್ಮನಿಗೆ ಓದಿ ಹೇಳಿದಳು. ಮೊದಲನೆಯದಕ್ಕೆ ಅವನು ಮಧ್ಯದಲ್ಲೇ “ಬೇಡ ಬೇಡ, ಹೊಡೀಬೇಡ” ಎಂದು ಕೂಗಿದ. ಎರಡನೆಯದು ಬೇರೆ ದಿನ, ಪ್ರಾಣಿಯನ್ನೂ ಊರನ್ನೂ ಬದಲಿಸಿ ಓದಿದಳು. ಕೊಡ ಬಿದ್ದಾಗ ಅವನು ಏನೂ ಅನ್ನಲಿಲ್ಲ, ತೊಟ್ಟಿಲ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಂಡ. ಯಾವುದು ಜಾಸ್ತಿ ಚೆನ್ನಾಗಿದೆ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಪೆದ್ದು ಪ್ರಶ್ನೆ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮೊದಲನೇದ್ರಲ್ಲಿ ಅಮ್ಮ ಮುಂಗುಸೀನ ಕೊಂದಳು. ಎರಡನೇದ್ರಲ್ಲಿ ನಾನೂ ಕೊಂದೆ” ಅಂದಳು.

ನಾನು ಎದ್ದು ಒಳಗೆ ಹೋದೆ, ನೀರು ಕುಡಿಯುವ ನೆಪದಲ್ಲಿ. ಮೊದಲ ಕ್ರಮದಲ್ಲಿ ಓದುಗನಿಗೆ ಎಲ್ಲ ಗೊತ್ತು, ತಾಯಿಗೆ ಗೊತ್ತಿಲ್ಲ. ನಾವು ಮೇಲೆ ಕೂತು ಅವಳಿಗಾಗಿ ನಡುಗುತ್ತೇವೆ, ಹಾಗೆಯೇ ಅವಳನ್ನು ತೂಗುತ್ತೇವೆ ಕೂಡ. ಎರಡನೆಯದರಲ್ಲಿ ನಾವೂ ಪರೀಕ್ಷಿಸದೆ ತೀರ್ಪು ಕೊಟ್ಟಿರುತ್ತೇವೆ. ಅಪರೀಕ್ಷಿತಕಾರಕ ಎಂಬ ಹೆಸರಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂದು ಅವಳ ವಾದ. ಹಳೆಯ ಕಥೆಗಾರ ಹಾಗೆ ಮಾಡಲಿಲ್ಲ. ರಾಜಕುಮಾರರಿಗೆ ಪಾಠ ಹೇಳುವ ಚೌಕಟ್ಟಿನಲ್ಲಿ ತೀರ್ಪು ಕೊಡುವವನ ಜಾಗದಲ್ಲಿ ಕೇಳುಗನನ್ನು ಕೂರಿಸುವುದೇ ಸರಿ ಎಂದು ನನ್ನ ವಾದ. ಈ ಜಗಳ ಇನ್ನೂ ಮುಗಿದಿಲ್ಲ.

ಅವಳನ್ನು ಪರೀಕ್ಷಿಸುತ್ತಿದ್ದ ನಾನೇ ಒಂದು ಸಲ ಪರೀಕ್ಷೆಗೆ ಕೂತೆ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಕವಿಯ ಹೆಸರು, ಕಾಲ ಏನನ್ನೂ ಹೇಳದೆ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರು ಬರೆದ ಟಿಪ್ಪಣಿಗಳನ್ನು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕದಲ್ಲಿ ಪರಿಶೀಲಿಸಿದರು. ಚೆನ್ನಾಗಿ ಓದಿಕೊಂಡ ಹುಡುಗರೇ ಎಷ್ಟು ಬಗೆಯಲ್ಲಿ ಎಡವಿದ್ದಾರೆ ಎನ್ನುವುದೇ ಆ ಪುಸ್ತಕದ ಜೀವಾಳ. ನನ್ನ ಗಂಡನಿಗೆ ಹೇಳಿ ಎರಡು ಕವಿತೆಗಳನ್ನು ಹೆಸರಿಲ್ಲದೆ ಬರೆಸಿಕೊಂಡೆ. ತಾಯಿಯ ಬಗ್ಗೆ ಇದ್ದ ಒಂದನ್ನು ಹಾಡಿ ಹೊಗಳಿದೆ. ಇನ್ನೊಂದನ್ನು ‘ಒಣ, ಗದ್ಯ, ಅವಸರದ್ದು’ ಎಂದು ತೆಗೆದುಹಾಕಿದೆ. ಎರಡನೆಯದು ನಾನು ಇಪ್ಪತ್ತು ವರ್ಷದಿಂದ ತಲೆಯ ಮೇಲೆ ಹೊತ್ತ ಕವಿಯದು. ಮೊದಲನೆಯದು ಯಾವುದೋ ಶುಭಾಶಯ ಪತ್ರದ ಮೇಲಿನದು! ಮಕ್ಕಳ ಮುಂದೆಯೇ ಆದದ್ದರಿಂದ ಮುಚ್ಚಿಡುವಂತೆಯೂ ಇರಲಿಲ್ಲ. ರಿಚರ್ಡ್ಸ್ ಹೇಳುವ ಸಿದ್ಧ ಪ್ರತಿಕ್ರಿಯೆ ಅಂದರೆ ಇದೇ: ‘ತಾಯಿ’ ಎಂಬ ಪದ ಕಂಡ ಕೂಡಲೇ ನನ್ನೊಳಗಿದ್ದ ಭಾವನೆ ಹೊರಬಂತು, ಅದನ್ನು ಕವಿತೆ ಕೊಟ್ಟದ್ದು ಎಂದುಕೊಂಡೆ. ಆಮೇಲೆ ಮನೆಯಲ್ಲಿ ಯಾರೇ ಏನೇ ಹೇಳಿದರೂ ಒಂದೇ ಎದುರುಪ್ರಶ್ನೆ: “ಯಾವ ಸಾಲು?”

ಮಾತಾಡುವುದು ಸುಲಭ, ಬರೆಯುವುದು ಕಷ್ಟ. ಬಾಯಲ್ಲಿ ಅಷ್ಟು ಹೇಳುವ ಹುಡುಗಿ ಕಾಗದದ ಮುಂದೆ ಕೂತರೆ ಕಥೆಯನ್ನೇ ಮತ್ತೆ ಹೇಳುತ್ತಿದ್ದಳು. ‘ಒಂದು ಊರಲ್ಲಿ ಒಬ್ಬ ತಾಯಿ ಇದ್ದಳು. ಆಮೇಲೆ… ಆಮೇಲೆ…’ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರ ತಮ್ಮ ಉಪನ್ಯಾಸಗಳಲ್ಲಿ ಹೇಳಿದ್ದು ಪ್ರಸಿದ್ಧ: ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಕಥೆ, ರಾಜ ಸತ್ತ ದುಃಖದಲ್ಲಿ ರಾಣಿ ಸತ್ತಳು ಎಂದರೆ ಕಥಾವಸ್ತು. ಕಾದಂಬರಿಯ ಬಗ್ಗೆ ಹೇಳಿದ ಮಾತು, ಆದರೆ ನಾನು ಅದನ್ನು ಪ್ರಬಂಧಕ್ಕೂ ಎಳೆದುಕೊಂಡೆ. ‘ಆಮೇಲೆ’ ಎಂಬ ಪದವನ್ನು ಒಂದು ತಿಂಗಳು ನಿಷೇಧಿಸಿದೆ. ಅದರ ಜಾಗದಲ್ಲಿ ‘ಇದರಿಂದ’, ‘ಹಾಗಾಗಿ’, ‘ಆದರೂ’ ಇವು ಮಾತ್ರ. ಬೇರೆ ಏನೂ ಹೇಳಿಕೊಡದೆಯೇ ಪ್ಯಾರಾ ಅರ್ಧ ಸರಿಹೋಯಿತು.

ಉಳಿದರ್ಧಕ್ಕೆ ಸಮಯ ಹಿಡಿಯಿತು. ಮೊದಲ ವಾಕ್ಯ ಒಂದು ವಾದ ಆಗಿರಬೇಕು ಎಂದು ಹೇಳಿದೆ. ವಾದ ಅಂದರೇನು ಎಂದು ಅವಳಿಗೆ ಗೊತ್ತಾಗಲಿಲ್ಲ. ‘ಈ ಕಥೆ ತುಂಬ ಚೆನ್ನಾಗಿದೆ’, ‘ಲೇಖಕರು ಮನ ಮುಟ್ಟುವಂತೆ ಬರೆದಿದ್ದಾರೆ’ ಎಂದೆಲ್ಲ ಬರೆದಳು. ಕೊನೆಗೆ ಕೆಲಸಕ್ಕೆ ಬಂದ ಒರೆಗಲ್ಲು ಇದು: ನಿನ್ನ ವಾಕ್ಯವನ್ನು ಬುದ್ಧಿವಂತರೊಬ್ಬರು ‘ಅಲ್ಲ’ ಎನ್ನಬಹುದೇ? ಯಾರೂ ಅಲ್ಲ ಎನ್ನಲಾರದ ಮಾತಿಗೆ ಸಾಕ್ಷಿ ಕೊಡುವ ಕೆಲಸವೇ ಇರುವುದಿಲ್ಲ. ಇನ್ನೊಂದು, ಸಾಲು ಉದ್ಧರಿಸಿದ ಮೇಲೆ ಕನಿಷ್ಠ ಎರಡು ವಾಕ್ಯ ಆ ಸಾಲಿನ ಪದಗಳ ಬಗ್ಗೆಯೇ ಇರಬೇಕು, ಕಥೆಯ ಬಗ್ಗೆ ಅಲ್ಲ. ಎಷ್ಟೋ ಪ್ಯಾರಾ ಹರಿದೆಸೆದ ಮೇಲೆ, ಹದಿಮೂರನೇ ವಯಸ್ಸಿನಲ್ಲಿ ಮುಂಗುಸಿಯ ಬಗ್ಗೆ ಅವಳು ಬರೆದದ್ದರ ಶುರು ಹೀಗಿತ್ತು: ‘ಹಾವು ಸತ್ತದ್ದನ್ನು ಕಥೆ ಮೊದಲೇ ಹೇಳಿಬಿಡುತ್ತದೆ. ಇದರಿಂದ ಮುಂಗುಸಿಯ ಬಾಯಿಯ ರಕ್ತ ನಮಗೆ ಸಾಕ್ಷಿ, ತಾಯಿಗೆ ಆರೋಪ. ಒಂದೇ ರಕ್ತವನ್ನು ಇಬ್ಬರು ಎರಡು ಥರ ಓದುತ್ತಾರೆ, ಹಾಗಾಗಿ ಈ ಕಥೆ ಕೋಪದ ಬಗ್ಗೆ ಅಲ್ಲ, ತಪ್ಪಾಗಿ ಓದುವುದರ ಬಗ್ಗೆ.’ ಕೋಪದ ಬಗ್ಗೆಯೇ ಎಂದು ವಾದಿಸಬಹುದು, ನಾನೇ ವಾದಿಸಿದೆ. ಆದರೆ ವಾದಿಸಲು ಬರುತ್ತದೆ ಎನ್ನುವುದೇ ನನಗೆ ಬೇಕಾಗಿದ್ದದ್ದು.

“ಇದನ್ನೆಲ್ಲ ಬರೆದವರು ನಿಜವಾಗ್ಲೂ ಯೋಚನೆ ಮಾಡಿ ಬರೆದಿದ್ರಾ?” ಇದನ್ನು ಕೇಳದ ಮಗು ಇಲ್ಲ. ಮೊದಲಿಗೆ ‘ಹೌದು’ ಎನ್ನುತ್ತಿದ್ದೆ, ಅದು ಸುಳ್ಳು. ಆಮೇಲೆ ‘ಗೊತ್ತಿಲ್ಲ, ಅದು ಮುಖ್ಯ ಅಲ್ಲ’ ಎಂದೆ. ಅಮೆರಿಕದ ವಿದ್ವಾಂಸರಾದ ವಿಮ್ಸಾಟ್ ಮತ್ತು ಬೀರ್ಡ್ಸ್ಲಿ 1946ರ ತಮ್ಮ ಲೇಖನದಲ್ಲಿ ಹೇಳಿದ್ದೂ ಹತ್ತಿರ ಹತ್ತಿರ ಅದೇ, ಕರ್ತೃವಿನ ಉದ್ದೇಶ ಕೃತಿಯನ್ನು ಅಳೆಯುವ ಕೋಲಾಗಲಾರದು ಎಂದು. ಮಗುವಿಗೆ ಇದು ಜಾರಿಕೊಳ್ಳುವ ಉತ್ತರದಂತೆ ಕೇಳುತ್ತದೆ. ಈಗ ಅವಳ ಬಾಗಿಲನ್ನೇ ನೆನಪಿಸುತ್ತೇನೆ. ‘ಹಾಕಿಕೊಂಡ’ ಎಂದು ಬದಲಿಸುವಾಗ ನೀನು ಸಹಾಯಕ ಕ್ರಿಯಾಪದದ ಬಗ್ಗೆ ಯೋಚಿಸಿದೆಯಾ? ಇಲ್ಲ. ಮೊದಲಿನದು ಸರಿಯಿಲ್ಲ ಅನ್ನಿಸಿತು, ಇದು ಸರಿ ಅನ್ನಿಸಿತು. ಯಾಕೆ ಸರಿ ಅನ್ನಿಸಿತು ಎಂದು ಆಮೇಲೆ ನಾಲ್ಕು ವಾಕ್ಯದಲ್ಲಿ ಹೇಳಿದವಳೂ ನೀನೇ.

ಎಲ್ಲ ಪುಸ್ತಕಕ್ಕೂ ಹೀಗೆ ಮಾಡುವುದಿಲ್ಲ. ಒಂದು ಕಾಲದಲ್ಲಿ ಮಾಡಲು ಹೋಗಿ ಅವಳು ಓದುವುದನ್ನೇ ಬಿಟ್ಟಿದ್ದಳು, ಎರಡು ತಿಂಗಳು, ಪುಸ್ತಕ ಕೈಗೆ ಕೊಟ್ಟರೆ ‘ಇದಕ್ಕೂ ಪ್ರಶ್ನೆ ಇದೆಯಾ?’ ಎಂದು ಅನುಮಾನದಲ್ಲಿ ನೋಡುತ್ತಿದ್ದಳು. ಈಗ ಹತ್ತು ಪುಸ್ತಕ ಓದಿದರೆ ಒಂದನ್ನು ಬಿಡಿಸುತ್ತೇವೆ. ಅದನ್ನೂ ಮೊದಲ ಓದಿನಲ್ಲಿ ಅಲ್ಲ. ಮೊದಲ ಓದಿಗೆ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಯಾವುದನ್ನು ಬಿಡಿಸಬೇಕು ಎಂದು ಆರಿಸುವವಳು ಅವಳೇ. ಮಗನಿಗೆ ಇದ್ಯಾವುದೂ ಬೇಡ, ಅವನಿಗೆ ರಾಕೆಟ್ ಸಾಕು. ಒತ್ತಾಯ ಮಾಡಿಲ್ಲ.

ಈಗ ಅವಳಿಗೆ ಹದಿನಾಲ್ಕು. ಮೊದಲ ಸಲ ಒಂದು ಇಡೀ ಕಾದಂಬರಿ ಹಿಡಿದಿದ್ದೇವೆ, ಮುನ್ನೂರಕ್ಕೂ ಹೆಚ್ಚು ಪುಟ. ಸಾಲು ಸಾಲು ಹಿಡಿದು ನೋಡುವ ನಮ್ಮ ವಿದ್ಯೆ ಇಷ್ಟು ದೊಡ್ಡದಕ್ಕೆ ಸಾಲುತ್ತಿಲ್ಲ. ಸದ್ಯಕ್ಕೆ ಪ್ರತಿ ಅಧ್ಯಾಯದ ಮೊದಲ ಮತ್ತು ಕೊನೆಯ ಪ್ಯಾರಾ ಮಾತ್ರ ಬಿಡಿಸಿ, ಮಧ್ಯವನ್ನು ಸುಮ್ಮನೆ ಓದುತ್ತಿದ್ದೇವೆ. ಕಥೆಯನ್ನು ಹೇಳುವವನು ತಮ್ಮ, ಅಣ್ಣನ ಬಗ್ಗೆ ಹೇಳುತ್ತಾನೆ, ಉದ್ದಕ್ಕೂ ‘ಅವರು’ ಎನ್ನುತ್ತಾನೆ. ಏಳನೇ ಅಧ್ಯಾಯದ ಕೊನೆಯಲ್ಲಿ ಒಂದೇ ಒಂದು ಕಡೆ ‘ಹೋದ’ ಎಂದಿದೆ. ಅಲ್ಲಿ ನಿರೂಪಕನ ಮುಖವಾಡ ಜಾರಿತು, ಅವನು ಅಣ್ಣನನ್ನು ಎಂದೂ ಗೌರವಿಸಿಯೇ ಇಲ್ಲ, ಇಲ್ಲಿಯವರೆಗಿನ ಒಂದು ಮಾತನ್ನೂ ನಂಬಬಾರದು ಎಂದು ಮಗಳು ಹಿಡಿದು ಕೂತಿದ್ದಾಳೆ. ನಂಬಲಾಗದ ನಿರೂಪಕ ಎಂಬ ಪರಿಭಾಷೆಯನ್ನು ಅಮೆರಿಕದ ವಿಮರ್ಶಕ ವೇನ್ ಬೂತ್ 1961ರಲ್ಲಿ ಚಾಲ್ತಿಗೆ ತಂದದ್ದು ಎಂದು ನಾನು ಹೇಳಿಕೊಟ್ಟದ್ದೇ ತಪ್ಪಾಯಿತೇನೋ. ನನಗೆ ಅದು ಅಚ್ಚಿನ ತಪ್ಪು ಎನಿಸುತ್ತದೆ; ‘ಹೋದರು’ ಎಂಬಲ್ಲಿ ‘ರು’ ಬಿಟ್ಟುಹೋಗಿದೆ, ಅಷ್ಟೇ. ಅದೇ ಪುಟದಲ್ಲಿ ಇನ್ನೆರಡು ಮುದ್ರಣದೋಷ ತೋರಿಸಿದೆ. ‘ಅವು ಬೇರೆ, ಇದು ಬೇರೆ’ ಅಂದಳು.

ಹಳೆಯ ಮುದ್ರಣದ ಪ್ರತಿಯೊಂದಕ್ಕೆ ಹೇಳಿಟ್ಟಿದ್ದೇವೆ, ಇನ್ನೂ ಕೈಗೆ ಬಂದಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಆ ಸಾಲಿನ ಎದುರಿಗೆ ಅವಳು ತನ್ನ ವಾದವನ್ನು ಬರೆದಿದ್ದಾಳೆ, ಪೆನ್ಸಿಲಿನಲ್ಲಿ.